ಪಿಯುಸಿ ಆದ್ಮೇಲೆ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಓದ್ಬೇಕು ಅನ್ನೋ ಮೈಸೂರು ಮಂಡ್ಯ ಕಡೆ ಮಕ್ಳಿಗೆ

ಪಿಯುಸಿ ರಿಸಲ್ಟ್ ಬಂತು ಅಂದ್ರೆ ಮದ್ದೂರು, ಮಳವಳ್ಳಿ, ನಂಜನಗೂಡು ಕಡೆ ಮಕ್ಳು ಕೇಳೋ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ ಥರ ಇರತ್ತೆ. ನೀಟ್ ಬರೆದಿಲ್ಲ, ಬರೆದ್ರೂ ಸೀಟ್ ಸಿಗೋ ರ‍್ಯಾಂಕ್ ಬಂದಿಲ್ಲ, ಆದ್ರೆ ಆಸ್ಪತ್ರೆ ಫೀಲ್ಡಲ್ಲೇ ಕೆಲ್ಸ ಮಾಡ್ಬೇಕು ಅಂತ ಆಸೆ, ಏನಾದ್ರೂ ದಾರಿ ಇದ್ಯಾ ಅಕ್ಕಾ ಅಂತಾರೆ. ಇದೆ. ಹಾಸ್ಪಿಟಲ್ ಮ್ಯಾನೇಜ್‌ಮೆಂಟ್, ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಅಂತ ಡಿಗ್ರಿ ಇದೆ. ನಾನೂ ಅದನ್ನೇ ಓದಿ ಮೈಸೂರಿನ ಒಂದು ಆಸ್ಪತ್ರೇಲಿ ಇನ್ಶೂರೆನ್ಸ್ ಡೆಸ್ಕಿಂದ ಶುರು ಮಾಡಿ ಈಗ ಆಪರೇಷನ್ಸ್ ನೋಡ್ಕೋತೀನಿ. ಕಾಲೇಜು ಆರಿಸೋದ್ರಿಂದ ಹಿಡಿದು ಕೊನೇ ವರ್ಷದ ಪ್ರಾಜೆಕ್ಟ್‌ವರೆಗೂ ಏನ್ ಮಾಡ್ಬೇಕು ಅಂತ ಇಲ್ಲಿ ಬರೀತಿದ್ದೀನಿ, ಉದ್ದ ಇದೆ, ಆದ್ರೂ ಪೂರ್ತಿ ಓದಿ, ಮನೇಲಿ ಅಪ್ಪ ಅಮ್ಮನ ಹತ್ರಾನೂ ಕೂತು ಮಾತಾಡಿ.

ಮೊದ್ಲು ಈ ಕೆಲ್ಸ ಏನು ಅಂತ ತಿಳ್ಕೊಳ್ಳಿ. ಇದು ಓದಿದ್ರೆ ನೀವು ಡಾಕ್ಟ್ರೂ ಆಗಲ್ಲ ನರ್ಸೂ ಆಗಲ್ಲ, ಪೇಷೆಂಟ್‌ಗೆ ಒಂದು ಇಂಜೆಕ್ಷನ್ ಕೂಡ ಕೊಡೋ ಹಾಗಿಲ್ಲ. ಡಾಕ್ಟ್ರು ಸಿಸ್ಟರ್ ಬಿಟ್ಟು ಆಸ್ಪತ್ರೇಲಿ ಇನ್ನೇನೇನು ನಡೆಯತ್ತೋ ಅದೆಲ್ಲ ನಿಮ್ಮ ಕೆಲ್ಸ, ಅಂದ್ರೆ ಓಪಿಡಿ ಕ್ಯೂ, ಅಡ್ಮಿಷನ್, ಬೆಡ್ ಹಂಚೋದು, ಬಿಲ್ಲಿಂಗ್, ಇನ್ಶೂರೆನ್ಸ್, ಔಷಧಿ ಸ್ಟಾಕ್, ಲಾಂಡ್ರಿ, ಊಟ, ಕಸ, ಆಂಬ್ಯುಲೆನ್ಸ್, ಲೈಸೆನ್ಸು, ರೆಕಾರ್ಡು, ದೂರು. ಮದ್ವೆ ಮನೇಲಿ ಭಟ್ರು ಎಷ್ಟೇ ಚೆನ್ನಾಗಿ ಅಡುಗೆ ಮಾಡಿದ್ರೂ ಬಡಿಸೋರು ಸರಿಯಾಗಿಲ್ದಿದ್ರೆ ಪಂಕ್ತೀಲಿ ಕೂತೋರು ಖಾಲಿ ಎಲೆ ನೋಡ್ಕೊಂಡೇ ಇರ್ಬೇಕು, ಆಸ್ಪತ್ರೇನೂ ಹಾಗೇನೇ. ಒಳ್ಳೆ ಸರ್ಜನ್ ಇದ್ದಾರೆ, ಓಟಿ ಅಂದ್ರೆ ಆಪರೇಷನ್ ಥಿಯೇಟರ್ ಇದೆ, ಆದ್ರೆ ಬೆಡ್ ಖಾಲಿ ಆಗಿಲ್ಲ, ಇನ್ಶೂರೆನ್ಸ್ ಅಪ್ರೂವಲ್ ಬಂದಿಲ್ಲ, ರಕ್ತ ಬಂದಿಲ್ಲ ಅಂದ್ರೆ ಆಪರೇಷನ್ ನಿಲ್ಲತ್ತೆ. ಅದು ನಿಲ್ದೇ ಇರೋ ಹಾಗೆ ನೋಡ್ಕೊಳ್ಳೋದು ನಾವು. ಈ ಕೆಲ್ಸಾನ ಗುಮಾಸ್ತಿಕೆ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ.

ಕೋರ್ಸ್ ಹೆಸ್ರು ಬೇರೆ ಬೇರೆ ಇರತ್ತೆ. ಬಿಬಿಎ ಇನ್ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್, ಬಿಬಿಎ ಹೆಲ್ತ್‌ಕೇರ್, ಬ್ಯಾಚುಲರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್, ಹೀಗೆ. ಇದಕ್ಕೆ ನೀಟ್ ಬೇಡ. ಬಿಬಿಎ ಆದ್ರೆ ಸಾಮಾನ್ಯವಾಗಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದು ಓದಿದ್ರೂ ತಗೋತಾರೆ, ಆದ್ರೂ ಆ ಕಾಲೇಜಿನ ರೂಲ್ ಕೇಳ್ಕೊಳ್ಳಿ. ನಮ್ಮ ರಾಜ್ಯದಲ್ಲಿ ನಡುವೆ ನಾಕು ವರ್ಷದ ಡಿಗ್ರಿ ಅಂತ ಬಂದಿತ್ತಲ್ಲ, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಳೇ ವಿಡಿಯೋ ನೋಡಿ ಗೊಂದಲ ಮಾಡ್ಕೋಬೇಡಿ, ಡೀಮ್ಡ್ ಮತ್ತೆ ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ ಮಾತ್ರ ಎಷ್ಟು ವರ್ಷ ಅಂತ ಬೇರೆಯಾಗಿ ಕೇಳಿ. ಇನ್ನೊಂದು, ಅದೇ 2024-25ರಿಂದ ಬಿಬಿಎ, ಬಿಸಿಎ ಕೋರ್ಸ್‌ಗಳು ಎಐಸಿಟಿಇ, ಅಂದ್ರೆ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಕೌನ್ಸಿಲ್ ಕೆಳಗೆ ಬಂದಿವೆ, ಹಾಗಾಗಿ ಕಾಲೇಜಿಗೆ ಆ ಅನುಮೋದನೆ ಇದ್ಯಾ, ಡಿಗ್ರಿ ಸರ್ಟಿಫಿಕೇಟ್ ಯಾವ ಯೂನಿವರ್ಸಿಟಿ ಹೆಸ್ರಲ್ಲಿ ಬರತ್ತೆ ಅಂತ ದುಡ್ಡು ಕಟ್ಟೋಕೆ ಮುಂಚೆ ಕೇಳಿ. ಒಂದು ರೂಮಲ್ಲಿ ನಾಕು ಕುರ್ಚಿ ಹಾಕ್ಕೊಂಡು ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಕೊಡ್ತೀವಿ ಅನ್ನೋ ಕಡೆ ಡಿಗ್ರಿ ಸಿಗಲ್ಲ, ಡಿಗ್ರಿ ಇಲ್ದೆ ಮುಂದೆ ಮಾಸ್ಟರ್ಸ್‌ಗೆ ಹೋಗೋಕಾಗಲ್ಲ.

ಕಾಲೇಜು ಆರಿಸೋವಾಗ ಏನ್ ನೋಡ್ಬೇಕು

ಬಿಲ್ಡಿಂಗ್ ನೋಡ್ಬೇಡಿ, ಆಸ್ಪತ್ರೆ ನೋಡಿ. ನಾನು ಹೇಳ್ಬೇಕು ಅಂತಿರೋದ್ರಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಈ ಡಿಗ್ರಿಯ ಬೆಲೆ ನೀವು ಆಸ್ಪತ್ರೆ ಒಳಗೆ ಎಷ್ಟು ಹೊತ್ತು ನಿಂತಿರಿ, ಏನೇನ್ ನೋಡಿದಿರಿ ಅನ್ನೋದ್ರ ಮೇಲೆ ನಿಂತಿದೆ, ಪುಸ್ತಕ ಓದಿ ಪಾಸಾದೋರು ಇಂಟರ್‌ವ್ಯೂನಲ್ಲಿ ಎರಡೇ ನಿಮಿಷಕ್ಕೆ ಗೊತ್ತಾಗ್ತಾರೆ. ಹಾಗಾಗಿ ಅಡ್ಮಿಷನ್ ಕೌಂಟರ್‌ನಲ್ಲಿ ಕೇಳಿ, ಯಾವ ಆಸ್ಪತ್ರೇಲಿ ಪೋಸ್ಟಿಂಗ್ ಅಂದ್ರೆ ಒಳಗೇ ನಿಂತು ಕಲಿಯೋ ತರಬೇತಿ, ಯಾವ ವರ್ಷದಿಂದ ಶುರು, ಎಷ್ಟು ವಾರ, ಯಾವ್ಯಾವ ಡಿಪಾರ್ಟ್‌ಮೆಂಟ್, ಅಲ್ಲಿ ನಮ್ಮನ್ನ ನೋಡ್ಕೊಳ್ಳೋರು ಯಾರು. ವಿಸಿಟ್ ಅಂತ ವರ್ಷಕ್ಕೊಂದ್ಸಲ ಬಸ್ಸಲ್ಲಿ ಕರ್ಕೊಂಡು ಹೋಗಿ ಗೇಟ್ ಮುಂದೆ ಫೋಟೋ ತೆಗೆಸಿ ವಾಪಸ್ ತರೋದನ್ನ ಪೋಸ್ಟಿಂಗ್ ಅನ್ನಲ್ಲ. ಕೌಂಟರ್‌ನವರು ಹೇಳಿದ್ದನ್ನ ನಂಬೋಕೆ ಮುಂಚೆ ಕ್ಯಾಂಟೀನಿಗೆ ಹೋಗಿ ಎರಡನೇ ವರ್ಷ, ಮೂರನೇ ವರ್ಷದ ಮಕ್ಳನ್ನ ಮಾತಾಡಿಸಿ, ಸತ್ಯ ಅಲ್ಲಿ ಸಿಗತ್ತೆ.

ನಮ್ಮ ಕಡೆ ಮಕ್ಳಿಗೆ ಇದ್ರಲ್ಲಿ ನಿಜವಾಗ್ಲೂ ಅನುಕೂಲ ಇದೆ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ, 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು, ಪಕ್ಕದಲ್ಲೇ ಹೆರಿಗೆ ಮತ್ತೆ ಮಕ್ಕಳಿಗೆ ಚೆಲುವಾಂಬ. ಹೃದಯಕ್ಕೆ ಜಯದೇವ, ದೊಡ್ಡ ಟ್ರಸ್ಟ್ ಆಸ್ಪತ್ರೆ ಅಂದ್ರೆ ಜೆಎಸ್‌ಎಸ್, ಕಾರ್ಪೊರೇಟ್ ಅಂದ್ರೆ ಅಪೊಲೊ ಬಿಜಿಎಸ್, ಮಂಡಿ ಮೊಹಲ್ಲಾದಲ್ಲಿ ಹಳೇ ಮಿಷನ್ ಆಸ್ಪತ್ರೆ. ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮಿಮ್ಸ್, ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ. ಸರ್ಕಾರಿ, ಟ್ರಸ್ಟು, ಕಾರ್ಪೊರೇಟು, ಮಿಷನ್ನು, ನಾಕು ಥರದ ಆಸ್ಪತ್ರೆ ಒಂದೇ ಸುತ್ತಲ್ಲಿ ನೋಡೋಕೆ ಸಿಗೋ ಊರುಗಳು ಜಾಸ್ತಿ ಇಲ್ಲ. ಇವೆಲ್ಲ ಒಂದೊಂದೂ ಬೇರೆ ರೀತಿ ನಡೆಯತ್ತೆ, ಎಲ್ಲಿಂದ ದುಡ್ಡು ಬರತ್ತೆ, ಯಾರು ತೀರ್ಮಾನ ತಗೋತಾರೆ, ಬಡವರಿಗೆ ಬಿಲ್ ಕಮ್ಮಿ ಮಾಡೋದು ಹೇಗೆ ಅಂತ, ಸಾಧ್ಯವಾದ್ರೆ ಮೂರು ವರ್ಷದಲ್ಲಿ ಕಮ್ಮಿ ಅಂದ್ರೂ ಒಂದು ಸರ್ಕಾರಿ ಆಸ್ಪತ್ರೆ ಒಂದು ಖಾಸಗಿ ಆಸ್ಪತ್ರೆ ನೋಡಿ.

ಹತ್ರದಲ್ಲಿ ಒಳ್ಳೆ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಕೋರ್ಸ್ ಸಿಗ್ಲಿಲ್ಲ, ಬೆಂಗಳೂರಿಗೆ ಕಳ್ಸೋಕೆ ಮನೇಲಿ ಆಗಲ್ಲ ಅಂದ್ರೆ ಅಳ್ತಾ ಕೂರ್ಬೇಡಿ. ಊರಿನ ಒಳ್ಳೆ ಕಾಲೇಜಲ್ಲಿ ಮಾಮೂಲಿ ಬಿಬಿಎ ಅಥ್ವಾ ಬಿಕಾಂ ಮಾಡಿ, ರಜೇಲಿ ಆಸ್ಪತ್ರೇಲಿ ಇಂಟರ್ನ್‌ಶಿಪ್ ಮಾಡಿ, ಆಮೇಲೆ ಎಂಎಚ್‌ಎ ಅಂದ್ರೆ ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್‌ಗೆ ಹೋಗಿ. ಹೆಸರಿಗೆ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಇದ್ದು ಪೋಸ್ಟಿಂಗೇ ಇಲ್ಲದ ಕಾಲೇಜಿಗಿಂತ ಇದು ಎಷ್ಟೋ ಮೇಲು ಅನ್ನೋದು ನನ್ನ ಅಭಿಪ್ರಾಯ.

ದುಡ್ಡಿನ ವಿಷ್ಯ ಬೇಗ ಹೇಳ್ಬಿಡ್ತೀನಿ. ಜಾತಿ, ಆದಾಯ ಸರ್ಟಿಫಿಕೇಟ್ ನಾಡಕಚೇರೀಲಿ ಈಗ್ಲೇ ಮಾಡಿಸ್ಕೊಳ್ಳಿ, ಅಡ್ಮಿಷನ್ ಟೈಮಲ್ಲಿ ಹೋದ್ರೆ ಎಲ್ರೂ ಅಲ್ಲೇ ಇರ್ತಾರೆ. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್, ಹಿಂದುಳಿದ ವರ್ಗದ ಮಕ್ಳಿಗೆ ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಊಟ ವಸತಿಗೆ ದುಡ್ಡು ಕೊಡೋ ವಿದ್ಯಾಸಿರಿ ಯೋಜನೆ ಇದೆ, ಆಧಾರ್‌ಗೆ ಬ್ಯಾಂಕ್ ಅಕೌಂಟ್ ಲಿಂಕ್ ಆಗಿರ್ಬೇಕು ಅಷ್ಟೆ. ಮೈಸೂರು ಯೂನಿವರ್ಸಿಟಿ ಥರದ ಸರ್ಕಾರಿ ಯೂನಿವರ್ಸಿಟಿಗೆ ಸೇರಿದ ಕಾಲೇಜಾದ್ರೆ ಅಪ್ಲಿಕೇಷನ್ ಯುಯುಸಿಎಂಎಸ್ ಪೋರ್ಟಲಲ್ಲಿ. ಮಂಡ್ಯದಿಂದ ದಿನಾ ಓಡಾಡೋರಿಗೆ ರೈಲ್ ಪಾಸ್ ಅಗ್ಗ, ಹೆಣ್ಮಕ್ಳಿಗೆ 2023ರಿಂದ ಶಕ್ತಿ ಯೋಜನೇಲಿ ಸರ್ಕಾರಿ ಬಸ್ ಫ್ರೀ ಇದ್ದೇ ಇದೆ.

ಮೊದಲ್ನೇ ವರ್ಷ

ಅಕೌಂಟ್ಸ್, ಎಕನಾಮಿಕ್ಸ್, ಮ್ಯಾನೇಜ್‌ಮೆಂಟ್ ಪ್ರಿನ್ಸಿಪಲ್ಸ್, ಜೊತೆಗೆ ಸ್ವಲ್ಪ ಅನಾಟಮಿ, ಮೆಡಿಕಲ್ ಟರ್ಮಿನಾಲಜಿ ಇರತ್ತೆ. ಕಾಮರ್ಸಿಂದ ಬಂದೋರು, ಕನ್ನಡ ಮೀಡಿಯಂ ಮಕ್ಳು ಹೆದರೋದು ಈ ಟರ್ಮಿನಾಲಜಿಗೆ. ಉರು ಹೊಡೀಬೇಡಿ, ಒಡೆದು ಓದಿ. ಕೊನೇಲಿ ‘ಐಟಿಸ್’ ಬಂದ್ರೆ ಉರಿಯೂತ, ‘ಎಕ್ಟಮಿ’ ಬಂದ್ರೆ ಕತ್ತರಿಸಿ ತೆಗೆಯೋದು, ‘ಆಸ್ಕೊಪಿ’ ಬಂದ್ರೆ ಟ್ಯೂಬಿನ ಥರದ್ದು ಹಾಕಿ ಒಳಗೆ ನೋಡೋದು. ಮುಂದೆ ‘ನೆಫ್ರೊ’ ಇದ್ರೆ ಕಿಡ್ನಿ, ‘ಹೆಪಟೊ’ ಇದ್ರೆ ಲಿವರ್, ‘ಗ್ಯಾಸ್ಟ್ರೊ’ ಇದ್ರೆ ಹೊಟ್ಟೆ. ಇಂಥ ತುಂಡುಗಳು ಒಂದು ನೂರು ಗೊತ್ತಾದ್ರೆ ಸಾವಿರ ಪದ ಅರ್ಥ ಆಗತ್ತೆ. ಮನೇಲಿ ಅಜ್ಜಿದೋ ಮಾವಂದೋ ಹಳೇ ಡಿಸ್ಚಾರ್ಜ್ ಸಮ್ಮರಿ ಇದ್ರೆ ಅವ್ರನ್ನ ಕೇಳಿ ತಗೊಂಡು ಒಂದೊಂದು ಸಾಲೂ ಬಿಡಿಸಿ ಓದಿ, ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಅಕೌಂಟ್ಸ್‌ನ ಹಗುರ ಮಾಡ್ಬೇಡಿ. ಎಕ್ಸೆಲ್ ಈ ವರ್ಷಾನೇ ಕಲೀರಿ, ಪಿವೋಟ್ ಟೇಬಲ್, ವಿ-ಲುಕಪ್ ಬಂದ್ರೆ ಸಾಕು, ಅದಕ್ಕೆ ದುಡ್ಡು ಕೊಟ್ಟು ಕ್ಲಾಸಿಗೆ ಹೋಗ್ಬೇಕಿಲ್ಲ, ಯೂಟ್ಯೂಬಲ್ಲಿದೆ, ಸ್ವಯಂ ಪೋರ್ಟಲ್ಲಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳೂ ಫ್ರೀಯಾಗಿ ನೋಡೋಕೆ ಸಿಗತ್ತೆ.

ಲೆಕ್ಕ ಬರ್ಲೇಬೇಕು

ಎರಡನೇ ವರ್ಷಕ್ಕೆ ಆಸ್ಪತ್ರೆ ಲೆಕ್ಕ ಶುರುವಾಗತ್ತೆ. ಫಾರ್ಮುಲಾ ಬರೆದು ಮಾರ್ಕ್ಸ್ ತಗೊಂಡು ಮರೀಬೇಡಿ, ಕೆಲ್ಸಕ್ಕೆ ಸೇರಿದ ಮೇಲೆ ದಿನಾ ಬೆಳಗ್ಗೆ ಇದೇ ನೋಡೋದು. ಒಂದು ಉದಾಹರಣೆ ಇಟ್ಕೊಳ್ಳಿ, ನೂರು ಬೆಡ್ ಆಸ್ಪತ್ರೆ, ತಿಂಗಳಿಗೆ 30 ದಿನ, ಅಂದ್ರೆ ಒಟ್ಟು 3000 ಬೆಡ್-ದಿನ ಇದೆ. ಪೇಷೆಂಟ್‌ಗಳು ಮಲಗಿದ್ದ ದಿನ ಎಲ್ಲಾ ಸೇರಿಸಿದ್ರೆ 2400 ಬಂತು ಅನ್ನಿ, ಆಕ್ಯುಪೆನ್ಸಿ 80 ಪರ್ಸೆಂಟ್. ಆ ತಿಂಗಳು ಡಿಸ್ಚಾರ್ಜ್ ಆದೋರು 600 ಜನ ಆದ್ರೆ ಒಬ್ರು ಸರಾಸರಿ 4 ದಿನ ಇದ್ರು ಅಂತ ಆಯ್ತು, ಇದನ್ನ ಆವರೇಜ್ ಲೆಂತ್ ಆಫ್ ಸ್ಟೇ ಅಂತಾರೆ. ಈಗ ಯೋಚ್ನೆ ಮಾಡಿ, ಲ್ಯಾಬ್ ರಿಪೋರ್ಟ್ ಲೇಟು, ಡಿಸ್ಚಾರ್ಜ್ ಲೇಟು ಇವನ್ನೆಲ್ಲ ಸರಿ ಮಾಡಿ ಆ 4 ದಿನಾನ 3 ದಿನಕ್ಕೆ ತಂದ್ರಿ ಅಂದ್ರೆ ಅದೇ 2400 ಬೆಡ್-ದಿನದಲ್ಲಿ 800 ಜನಕ್ಕೆ ಚಿಕಿತ್ಸೆ ಕೊಡಬಹುದು. ಒಂದು ಹೊಸ ಬೆಡ್ ಹಾಕದೆ, ಒಂದು ಗೋಡೆ ಕಟ್ಟದೆ 200 ಜನ ಜಾಸ್ತಿ. ಕ್ಯಾಶುಯಾಲ್ಟೀಲಿ ಸ್ಟ್ರೆಚರ್ ಮೇಲೆ ಕಾಯ್ತಿರೋರು ಯಾಕೆ ಕಾಯ್ತಿದ್ದಾರೆ ಅನ್ನೋ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಈ ಲೆಕ್ಕದಲ್ಲೇ ಇರತ್ತೆ. ಹಾಗಂತ ವಾಸಿ ಆಗದೋರನ್ನ ಬೇಗ ಮನೆಗೆ ಕಳ್ಸೋದಲ್ಲ, ಅದನ್ನ ತೀರ್ಮಾನ ಮಾಡೋದು ಡಾಕ್ಟ್ರು ಮಾತ್ರ, ನಾವು ಕಮ್ಮಿ ಮಾಡ್ಬೇಕಿರೋದು ಸುಮ್ನೆ ಕಾಯೋ ಹೊತ್ತನ್ನ.

ಸ್ಟೋರ್ಸ್‌ನಲ್ಲೂ ಇದೇ ಥರ. ಎಬಿಸಿ ಅನಾಲಿಸಿಸ್ ಅಂದ್ರೆ ಯಾವುದಕ್ಕೆ ದುಡ್ಡು ಜಾಸ್ತಿ ಹೋಗತ್ತೆ ಅಂತ ನೋಡೋದು, ವಿಇಡಿ ಅಂದ್ರೆ ಯಾವುದು ಇಲ್ದಿದ್ರೆ ಜೀವ ಹೋಗತ್ತೆ ಅಂತ ನೋಡೋದು. ಎರಡನ್ನೂ ಸೇರಿಸಿ ನೋಡ್ಬೇಕು. ಅಡ್ರಿನಲಿನ್ ಇಂಜೆಕ್ಷನ್ ಅಗ್ಗದ್ದು, ಎಬಿಸೀಲಿ ಕೆಳಗೆ ಎಲ್ಲೋ ಇರತ್ತೆ, ಆದ್ರೆ ಅದು ಒಂದು ಗಂಟೆ ಕೂಡ ಖಾಲಿ ಆಗೋ ಹಾಗಿಲ್ಲ. ಕಬ್ಬಿನ ಗದ್ದೆ, ಭತ್ತದ ಗದ್ದೆ ಇರೋ ನಮ್ಮ ಕಡೆ ಹಾವು ಕಚ್ಚಿದ್ದಕ್ಕೆ ಕೊಡೋ ಔಷಧಿನೂ ಅಷ್ಟೆ. ಎಕ್ಸ್‌ಪೈರಿ ಮೊದ್ಲು ಬರೋದು ಮೊದ್ಲು ಹೊರಗೆ ಹೋಗ್ಬೇಕು, ಇನ್ಸುಲಿನ್ ಸ್ಟಾಕ್ 2ರಿಂದ 8 ಡಿಗ್ರಿ ಒಳಗೆ ಫ್ರಿಡ್ಜಲ್ಲಿ ಇರ್ಬೇಕು, ಕರೆಂಟ್ ಹೋದ್ರೆ ಏನು ಅಂತ ಸ್ಟೋರ್ಸಲ್ಲಿರೋ ಅಣ್ಣನ್ನ ಕೇಳಿ, ಅವ್ರು ಹೇಳೋದು ಯಾವ ಪುಸ್ತಕದಲ್ಲೂ ಇಲ್ಲ.

ಫೈಲ್ ಹಿಂದೆ ಹೋಗಿ

ಪೋಸ್ಟಿಂಗ್ ಶುರುವಾದಾಗ ಎಲ್ಲಿಂದ ಕಲೀಬೇಕು ಅಂತ ಗೊತ್ತಾಗಲ್ಲ, ಬಹಳ ಮಕ್ಳು ರಿಸೆಪ್ಷನ್ ಹತ್ರ ಮೊಬೈಲ್ ಹಿಡ್ಕೊಂಡು ನಿಂತ್ಬಿಡ್ತಾರೆ. ನಾನು ಹೇಳೋದು ಇಷ್ಟೆ, ಒಂದು ಪೇಷೆಂಟ್ ಫೈಲ್ ಹಿಡ್ಕೊಂಡು ಅದು ಹೋದ ಕಡೆ ಹೋಗಿ. ಮುಖ್ಯವಾಗಿ ಡಿಸ್ಚಾರ್ಜ್ ದಿನ. ಬೆಳಗ್ಗೆ ರೌಂಡ್ಸಲ್ಲಿ ಡಾಕ್ಟ್ರು ಇವತ್ತು ಮನೆಗೆ ಹೋಗ್ಬಹುದಮ್ಮ ಅಂತಾರೆ, ಮನೆಯವರು ಬ್ಯಾಗ್ ತುಂಬ್ಕೊಂಡು ರೆಡಿ ಆಗ್ತಾರೆ. ಆದ್ರೆ ಡಿಸ್ಚಾರ್ಜ್ ಸಮ್ಮರಿ ಬರೀಬೇಕಾದ ಜೂನಿಯರ್ ಡಾಕ್ಟ್ರು ಇನ್ನೂ ಉಳಿದ ವಾರ್ಡ್ ರೌಂಡ್ಸಲ್ಲಿ ಇರ್ತಾರೆ. ಸಮ್ಮರಿ ಟೈಪ್ ಆಗ್ಬೇಕು, ಕನ್ಸಲ್ಟೆಂಟ್ ಸೈನ್ ಆಗ್ಬೇಕು, ಸಿಸ್ಟರ್ ಉಳಿದ ಔಷಧಿ ಎಣಿಸಿ ಫಾರ್ಮಸಿಗೆ ರಿಟರ್ನ್ ಕಳ್ಸಬೇಕು, ಫಾರ್ಮಸಿ ಅದನ್ನ ಬಿಲ್ಲಿಂದ ಕಳೀಬೇಕು, ಲ್ಯಾಬಿಂದ ಬಾಕಿ ಇರೋ ಚಾರ್ಜ್ ಬರ್ಬೇಕು, ಆಮೇಲೆ ಫೈನಲ್ ಬಿಲ್. ಇನ್ಶೂರೆನ್ಸ್ ಇದ್ರೆ ಆ ಬಿಲ್ಲು ಸಮ್ಮರಿ ಎಲ್ಲಾ ಸ್ಕ್ಯಾನ್ ಮಾಡಿ ಟಿಪಿಎ, ಅಂದ್ರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೈಮ್ ನೋಡೋ ಏಜೆನ್ಸಿಗೆ ಕಳ್ಸಬೇಕು, ಅವ್ರು ಒಂದು ಕ್ವೆರಿ ಹಾಕ್ತಾರೆ, ಅದಕ್ಕೆ ಡಾಕ್ಟ್ರು ಉತ್ತರ ಬರ್ಕೊಡಬೇಕು, ಡಾಕ್ಟ್ರು ಓಟೀಲಿ ಇರ್ತಾರೆ. ಅಷ್ಟೊತ್ತಿಗೆ ಸಂಜೆ, ಎಚ್.ಡಿ. ಕೋಟೆ ಒಳಗಿನ ಹಳ್ಳಿಗೆ ಹೋಗೋ ಕೊನೇ ಬಸ್ ಹೊರಟೋಗಿರತ್ತೆ, ಇತ್ತ ಆ ಬೆಡ್‌ಗೆ ಅಂತ ಇನ್ನೊಬ್ರು ಎಮರ್ಜೆನ್ಸೀಲಿ ಕಾಯ್ತಾ ಇರ್ತಾರೆ.

ಇದ್ರಲ್ಲಿ ಪ್ರತಿಯೊಂದು ಹಂತಕ್ಕೂ ಎಷ್ಟ್ ಗಂಟೆಗೆ ಶುರು ಎಷ್ಟ್ ಗಂಟೆಗೆ ಮುಗೀತು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಕೆಲವು ಫೈಲಿಗೆ ಹೀಗೆ ಮಾಡಿದ್ರೆ ಎಲ್ಲಿ ಸಿಕ್ಕಾಕೊಳ್ತಿದೆ ಅಂತ ಕಣ್ಣಿಗೆ ಕಾಣತ್ತೆ, ಬಿಲ್ಲಿಂಗಲ್ಲಿ ತಡ ಅಂತ ಎಲ್ರೂ ಬೈತಿರ್ತಾರೆ ಆದ್ರೆ ಫೈಲ್ ವಾರ್ಡಿಂದ ಕೆಳಗೆ ಇಳಿಯೋದೇ ಮಧ್ಯಾಹ್ನ ಆಗಿರತ್ತೆ. ನಾಳೆ ಯಾರು ಹೋಗ್ತಾರೆ ಅಂತ ಹಿಂದಿನ ದಿನವೇ ಗೊತ್ತಿದ್ರೆ ಸಮ್ಮರಿ ರಾತ್ರೀನೇ ಡ್ರಾಫ್ಟ್ ಆಗತ್ತೆ, ಔಷಧಿ ರಿಟರ್ನ್ ಬೆಳಗ್ಗೆ ಬೇಗ ಆಗತ್ತೆ, ಇಂಥ ಸಣ್ಣ ಬದಲಾವಣೇನ ನೀವು ಲೆಕ್ಕ ಸಮೇತ ತೋರಿಸಿದ್ರೆ ಸ್ಟೂಡೆಂಟ್ ಅಂತ ಯಾರೂ ತಳ್ಳಿ ಹಾಕಲ್ಲ. ಇನ್ಶೂರೆನ್ಸ್‌ದು ಒಂದು ರೂಲ್ ನೆನಪಿಟ್ಕೊಳ್ಳಿ, ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ರಿಕ್ವೆಸ್ಟ್‌ಗೆ ಒಂದು ಗಂಟೆ ಒಳಗೆ, ಡಿಸ್ಚಾರ್ಜ್‌ನ ಫೈನಲ್ ಅಪ್ರೂವಲ್‌ಗೆ ಮೂರು ಗಂಟೆ ಒಳಗೆ ಕಂಪನಿ ಉತ್ತರ ಕೊಡ್ಬೇಕು, ಮೂರು ಗಂಟೆ ಮೀರಿ ಆಸ್ಪತ್ರೆ ಏನಾದ್ರೂ ಜಾಸ್ತಿ ಚಾರ್ಜ್ ಮಾಡಿದ್ರೆ ಅದನ್ನ ಇನ್ಶೂರೆನ್ಸ್ ಕಂಪನಿನೇ ಹೊರ್ಬೇಕು. ಆದ್ರೆ ನಾವು ಕಳ್ಸೋ ಪೇಪರ್ ಅರ್ಧಂಬರ್ಧ ಇದ್ರೆ ಈ ರೂಲ್ ಇಟ್ಕೊಂಡು ಏನ್ ಮಾಡೋದು ಹೇಳಿ, ಕ್ವೆರಿ ಬರದ ಹಾಗೆ ಫೈಲ್ ಕಳ್ಸೋದೇ ಟಿಪಿಎ ಡೆಸ್ಕ್‌ನವರ ಕೈಚಳಕ.

ಸರ್ಕಾರಿ ಸ್ಕೀಮ್‌ಗಳು ನಿಮ್ಮ ನಾಲಿಗೆ ತುದೀಲಿ ಇರ್ಬೇಕು

ನಮ್ಮ ಜನಕ್ಕೆ ಇನ್ಶೂರೆನ್ಸ್ ಪಾಲಿಸಿಗಿಂತ ಕಾರ್ಡು ಮುಖ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಿಂದ ಇದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸೋದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗ್ಬೇಕಾದ್ರೆ ಎಷ್ಟೋ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರ್ ಬೇಕು, ಎಮರ್ಜೆನ್ಸಿ ಅಂತ ಪಟ್ಟಿ ಮಾಡಿರೋದಕ್ಕೆ ಬೇಡ. ಈ ಒಂದು ಲೆಟರ್ ಗೊತ್ತಿಲ್ದೆ ಮಿಮ್ಸ್‌ಗೂ ಮೈಸೂರಿಗೂ ಅಲೆಯೋರು ಎಷ್ಟು ಜನ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, 2003ರಲ್ಲಿ ಶುರುವಾಗಿದ್ದು, ಮಧ್ಯ ನಿಂತೋಗಿ 2022-23ರಲ್ಲಿ ಮತ್ತೆ ಬಂತು, ಹಾಲಿನ ಡೇರಿಗೆ ಹಾಕೋ ಮನೆಗಳಲ್ಲಿ ಕೇಳಿ ನೋಡಿ, ಕಾರ್ಡ್ ಇರತ್ತೆ. ಫ್ಯಾಕ್ಟರಿ ಕೆಲಸಗಾರರಿಗೆ ಇಎಸ್‌ಐ, ತಿಂಗಳ ಸಂಬಳ 21,000 ರೂಪಾಯಿವರೆಗೆ ಇರೋರು ಅದ್ರಲ್ಲಿ ಬರ್ತಾರೆ. ಯಾವ ಕಾರ್ಡ್ ಎಲ್ಲಿ ನಡೆಯತ್ತೆ, ಯಾವುದಕ್ಕೆ ಪ್ರೀ-ಆಥ್ ಅಂದ್ರೆ ಚಿಕಿತ್ಸೆಗೆ ಮುಂಚೆನೇ ತಗೊಳ್ಳೋ ಅನುಮತಿ ಬೇಕು, ಯಾವ ಪೇಪರ್ ತರ್ಬೇಕು ಅಂತ ಒಬ್ಬ ರೈತನಿಗೆ ಸರಳ ಕನ್ನಡದಲ್ಲಿ ಎರಡು ನಿಮಿಷದಲ್ಲಿ ಹೇಳೋಕೆ ಬಂದ್ರೆ ನೀವು ಒಂದು ಮನೇನ ಸಾಲದಿಂದ ಉಳಿಸಿದ ಹಾಗೆ. ಪರ್ಮಿಷನ್ ತಗೊಂಡು, ಸ್ಕೀಮಲ್ಲಿ ಬಂದೋರಿಗೆ ದಾರಿ ತೋರ್ಸೋ ಆರೋಗ್ಯ ಮಿತ್ರ ಕೌಂಟರ್ ಪಕ್ಕ ಒಂದು ವಾರ ಕೂತ್ಕೊಳ್ಳಿ, ಬೇರೆ ಯಾವ ಪೋಸ್ಟಿಂಗೂ ಇಷ್ಟು ಕಲ್ಸಲ್ಲ.

ಇಂಗ್ಲಿಷ್ ಬೇಕು, ಈಮೇಲ್ ಬರೆಯೋಕೆ, ಮೀಟಿಂಗಲ್ಲಿ ಮಾತಾಡೋಕೆ, ಅದನ್ನ ದಿನಾ ಅಭ್ಯಾಸ ಮಾಡಿ. ಆದ್ರೆ ಕನ್ನಡದಲ್ಲಿ ಚೆನ್ನಾಗಿ ವಿವರಿಸೋದು ಇನ್ನೂ ದೊಡ್ಡ ಆಸ್ತಿ, ಉರ್ದು ಬಂದ್ರೆ ಒಳ್ಳೇದು, ವಯನಾಡ್ ಕಡೆಯಿಂದ ಮೈಸೂರಿಗೆ ಪೇಷೆಂಟ್ಸ್ ಬರೋದ್ರಿಂದ ನಾಕು ಮಾತು ಮಲಯಾಳಂ ಬಂದ್ರೆ ಫ್ರಂಟ್ ಆಫೀಸಲ್ಲಿ ನಿಮ್ಮನ್ನೇ ಕರೀತಾರೆ.

ಎಂಆರ್‌ಡಿ, ಕ್ವಾಲಿಟಿ, ಕಸ

ಮೆಡಿಕಲ್ ರೆಕಾರ್ಡ್ಸ್ ಡಿಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಎಲ್ಲೋ ಧೂಳಲ್ಲಿ ಇರತ್ತೆ ಅಂತ ಮಕ್ಳು ಅಲ್ಲಿಗೆ ಹೋಗೋಕೆ ಇಷ್ಟ ಪಡಲ್ಲ. ಹೋಗಿ. ಕಾಯಿಲೆಗಳಿಗೆ ಐಸಿಡಿ ಅನ್ನೋ ಅಂತರರಾಷ್ಟ್ರೀಯ ಪಟ್ಟಿಯ ಕೋಡ್ ಹಾಕೋದು ಅಲ್ಲಿ ಕಲೀಬಹುದು, ಟೈಪ್ 2 ಶುಗರ್‌ಗೆ ಐಸಿಡಿ-10ರಲ್ಲಿ ಇ-11, ಬಿಪಿಗೆ ಐ-10, ಹೀಗೆ. ಕೋಡ್ ತಪ್ಪಾದ್ರೆ ಕ್ಲೈಮ್ ವಾಪಸ್ ಬರತ್ತೆ, ಜಿಲ್ಲೆಯ ಅಂಕಿ ಅಂಶಾನೂ ತಪ್ಪಾಗತ್ತೆ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೇಲಿ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್‌ನೂ ಒಂದು ವೃತ್ತಿ ಅಂತ ಸೇರಿಸಿದ್ದಾರೆ, ಆಭಾ ಅನ್ನೋ 14 ಅಂಕಿಯ ಹೆಲ್ತ್ ಐಡಿ ನಂಬರ್ ಬಂದ್ಮೇಲೆ ರೆಕಾರ್ಡು ಡಿಜಿಟಲ್ ಆಗ್ತಿದೆ, ಅದಕ್ಕೆ ಇದ್ರಲ್ಲಿ ಮುಂದೆ ಕೆಲ್ಸ ಜಾಸ್ತಿ ಆಗತ್ತೆ ಅನ್ನೋದು ನನ್ನ ನಂಬಿಕೆ. ಮತ್ತೆ ಇದನ್ನ ಗಟ್ಟಿಯಾಗಿ ಹೇಳ್ತೀನಿ, ಪೇಷೆಂಟ್ ಫೈಲ್ ಫೋಟೋ ತೆಗೀಬೇಡಿ, ಪ್ರಾಜೆಕ್ಟಲ್ಲಿ ಹೆಸ್ರು ನಂಬರ್ ಹಾಕ್ಬೇಡಿ, ನಿಮ್ಮೂರಿನೋರು ಯಾರೋ ಅಡ್ಮಿಟ್ ಆಗಿದ್ರೆ ಮನೇಗೆ ಫೋನ್ ಮಾಡಿ ಹೇಳ್ಬೇಡಿ. ಎಚ್‌ಐವಿ ರಿಪೋರ್ಟ್, ಅಬಾರ್ಷನ್, ಮಾನಸಿಕ ಕಾಯಿಲೆ, ಇಂಥದ್ದು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದ್ರೆ ಒಂದು ಹುಡುಗಿ ಜೀವನಾನೇ ಹಾಳಾಗತ್ತೆ.

ಎನ್‌ಎಬಿಎಚ್ ಅಂತ ಕೇಳಿರ್ತೀರ, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಕೆಳಗೆ ಬರೋ ಆಸ್ಪತ್ರೆ ಮಾನ್ಯತೆ. ಅದ್ರ ಸ್ಟ್ಯಾಂಡರ್ಡ್ಸ್‌ನಲ್ಲಿ 10 ಅಧ್ಯಾಯ ಇದೆ, ಪೇಷೆಂಟ್ ಒಳಗೆ ಬರೋದ್ರಿಂದ ಹಿಡಿದು ಔಷಧಿ, ಇನ್ಫೆಕ್ಷನ್, ಹಕ್ಕುಗಳು, ಕಟ್ಟಡದ ಸುರಕ್ಷತೆ, ಸಿಬ್ಬಂದಿ, ಮಾಹಿತಿವರೆಗೂ. ನನ್ನ ಕೇಳಿದ್ರೆ ಇದೇ ನಿಮ್ಮ ಮೂರು ವರ್ಷದ ನಿಜವಾದ ಸಿಲಬಸ್. ಕಸದ ವಿಷ್ಯ ಬಾಯಿಗೆ ಬರ್ಬೇಕು, 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲಿ ರಕ್ತ ಆದ ಹತ್ತಿ, ಬ್ಯಾಂಡೇಜು ಹಳದಿಗೆ, ಐವಿ ಟ್ಯೂಬು, ಕ್ಯಾತೀಟರು, ಗ್ಲೌಸು ಕೆಂಪಿಗೆ, ಸೂಜಿ ಬ್ಲೇಡು ಚುಚ್ಚಿಕೊಂಡು ಹೊರಗೆ ಬರದ ಬಿಳಿ ಡಬ್ಬಕ್ಕೆ, ಗಾಜಿನ ಬಾಟಲಿ ಆಂಪ್ಯೂಲ್ ನೀಲಿಗೆ, ಸಂಸ್ಕರಣೆ ಆಗದ ಕಸ 48 ಗಂಟೆಗಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ. ಸೂಜಿ ಒಂದು ತಪ್ಪು ಚೀಲಕ್ಕೆ ಬಿದ್ರೆ ಅದು ಚುಚ್ಚೋದು ಡಾಕ್ಟ್ರಿಗಲ್ಲ, ಬೆಳಗ್ಗೆ ಚೀಲ ಎತ್ತೋ ಹೌಸ್‌ಕೀಪಿಂಗ್ ಅಕ್ಕನಿಗೆ.

ಕಾನೂನು ಪೇಪರ್‌ನ ಕೊನೇ ರಾತ್ರಿ ಓದಿ ಪಾಸಾಗೋದು ಅಂತ ಇಟ್ಕೋಬೇಡಿ. ಕೆಪಿಎಂಇ ಕಾಯ್ದೆ 2007, ಖಾಸಗಿ ಆಸ್ಪತ್ರೆ ನೋಂದಣಿ ಅದ್ರಲ್ಲೇ. 1995ರಲ್ಲಿ ಸುಪ್ರೀಂ ಕೋರ್ಟು ದುಡ್ಡು ತಗೊಂಡು ಕೊಡೋ ಚಿಕಿತ್ಸೆ ಗ್ರಾಹಕ ಕಾಯ್ದೆ ಒಳಗೆ ಬರತ್ತೆ ಅಂತ ಹೇಳ್ತು, ಅದಕ್ಕೇ ಕನ್ಸೆಂಟ್ ಫಾರ್ಮು, ಬರವಣಿಗೆ ಇಷ್ಟು ಮುಖ್ಯ. ಇನ್ನು ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ. 2023ರ ಕೊನೇಲಿ ಮಂಡ್ಯದ ಆಲೆಮನೇಲಿ ಸ್ಕ್ಯಾನಿಂಗ್ ಮಾಡ್ತಿದ್ದ ಜಾಲ ಸಿಕ್ಕಿಬಿದ್ದಿದ್ದು ನಮ್ಮ ಜಿಲ್ಲೇಲಿ ಎಲ್ರಿಗೂ ಗೊತ್ತು. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬ್ಬೇಕು, ಮುಂದಿನ ತಿಂಗಳ 5ನೇ ತಾರೀಕಿನ ಒಳಗೆ ವರದಿ ಹೋಗ್ಬೇಕು, ಈ ರಿಜಿಸ್ಟರ್ ನೋಡ್ಕೊಳ್ಳೋ ಕೆಲ್ಸ ಆಸ್ಪತ್ರೆ ಆಡಳಿತದ್ದು. ನಮ್ಮ ಜಿಲ್ಲೆ ಹುಡುಗ್ರು ಹುಡುಗೀರು ಆ ಫಾರ್ಮ್‌ನ ಬರೀ ಪೇಪರ್ ಅಂತ ನೋಡಬಾರ್ದು, ದಯವಿಟ್ಟು.

ಪೋಸ್ಟಿಂಗಲ್ಲಿ ಹೇಗಿರ್ಬೇಕು

ಹೋಗೋಕೆ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸ್ಕೊಳ್ಳಿ, ಮೂರು ಡೋಸು, ಮೊದಲ್ನೇದು ಆದ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು, ಅದಕ್ಕೇ ಮೊದಲ್ನೇ ವರ್ಷದಲ್ಲೇ ಶುರು ಮಾಡಿ ಅನ್ನೋದು. ಮುಚ್ಚಿದ ಶೂ ಹಾಕ್ಕೊಳ್ಳಿ, ಐಡಿ ಕಾರ್ಡ್ ಹಾಕ್ಕೊಳ್ಳಿ, ಕೈ ತೊಳ್ಕೊಳ್ಳಿ. ವಾರ್ಡಿಗೆ ಹೋದ್ರೆ ಮೊದ್ಲು ಇನ್‌ಚಾರ್ಜ್ ಸಿಸ್ಟರ್‌ಗೆ ನಮಸ್ಕಾರ ಮಾಡಿ ಹೇಳಿ ಒಳಗೆ ಹೋಗಿ, ಅವ್ರು ಬಿಜಿ ಇದ್ದಾಗ ಪ್ರಶ್ನೆ ಕೇಳ್ಬೇಡಿ, ಮಧ್ಯಾಹ್ನ ಸ್ವಲ್ಪ ಬಿಡುವು ಸಿಕ್ಕಾಗ ಅವ್ರೇ ಕೂರಿಸ್ಕೊಂಡು ಹೇಳ್ಕೊಡ್ತಾರೆ. ಒಂದ್ಸಲನಾದ್ರೂ ರಾತ್ರಿ ಕ್ಯಾಶುಯಾಲ್ಟಿ ನೋಡೋಕೆ ಕಾಲೇಜಿಂದ ಪರ್ಮಿಷನ್ ಕೇಳಿ, 108 ಆಂಬ್ಯುಲೆನ್ಸ್ ಬಂದಾಗ ಯಾರು ಏನ್ ಮಾಡ್ತಾರೆ, ಎಂಎಲ್‌ಸಿ ಅಂದ್ರೆ ಅಪಘಾತ, ಹೊಡೆದಾಟದಂಥ ಮೆಡಿಕೋ-ಲೀಗಲ್ ಕೇಸ್ ಹೇಗೆ ಬರೀತಾರೆ, ಪೊಲೀಸ್‌ಗೆ ತಿಳ್ಸೋದು ಹೇಗೆ ಅಂತ. ಸಾವಾದ ಮನೆಯವರ ಹತ್ರ ಬಿಲ್ ಬಗ್ಗೆ ಹೇಗೆ ಮಾತಾಡ್ಬೇಕು ಅನ್ನೋದನ್ನ ಅನುಭವ ಇರೋ ಒಬ್ರು ಪಿಆರ್‌ಓ ಪಕ್ಕ ನಿಂತು ನೋಡಿ, ಅವ್ರು ಕೂತ್ಕೊಂಡು ಮಾತಾಡ್ತಾರಾ ನಿಂತ್ಕೊಂಡಾ, ಮೊದಲ್ನೇ ಮಾತು ಏನು, ದನಿ ಎಷ್ಟು ಅಂತ.

ಕೊನೇ ವರ್ಷದ ಪ್ರಾಜೆಕ್ಟ್‌ನ ಜೆರಾಕ್ಸ್ ಅಂಗಡೀಲಿ ರೆಡಿ ಸಿಗತ್ತೆ ಅಂತ ತಗೋಬೇಡಿ. ಸಣ್ಣ ವಿಷ್ಯ ಇಟ್ಕೊಳ್ಳಿ. ಓಪಿಡಿ ಫಾರ್ಮಸೀಲಿ ಕಾಯೋ ಹೊತ್ತು, ವೀಲ್‌ಚೇರ್ ಸಿಗೋಕೆ ಎಷ್ಟು ನಿಮಿಷ, ಸೋಮವಾರದ ರಶ್, ಬೆಡ್ ಖಾಲಿ ಆದ್ಮೇಲೆ ಕ್ಲೀನ್ ಆಗೋಕೆ ಎಷ್ಟು ಹೊತ್ತು. ‘ಆಸ್ಪತ್ರೆ ಸೇವೆಯ ಗುಣಮಟ್ಟ: ಒಂದು ಅಧ್ಯಯನ’ ಅಂತ ದೊಡ್ಡದು ಇಟ್ಕೊಂಡು ಏನೂ ಹೇಳದೆ ಇರೋದಕ್ಕಿಂತ ವೀಲ್‌ಚೇರ್ ಬಗ್ಗೆ ನೀವೇ ನಿಂತು ನೋಡಿ ಬರೆದ ಹತ್ತು ಪುಟ ಮೇಲು.

ಕೆಲ್ಸದ ವಿಷ್ಯ ಇದ್ದ ಹಾಗೆ ಹೇಳ್ತೀನಿ. ಡಿಗ್ರಿ ಮುಗಿದ ಕೂಡ್ಲೆ ಮ್ಯಾನೇಜರ್ ಆಗಲ್ಲ. ಬಿಲ್ಲಿಂಗ್, ಫ್ರಂಟ್ ಆಫೀಸ್, ಟಿಪಿಎ ಡೆಸ್ಕ್, ಎಂಆರ್‌ಡಿ, ಸ್ಟೋರ್ಸ್, ಕ್ವಾಲಿಟಿ, ಇವುಗಳಲ್ಲಿ ಎಕ್ಸಿಕ್ಯುಟಿವ್ ಅಂತ ಸೇರ್ತೀರ, ಶಿಫ್ಟ್ ಇರತ್ತೆ, ಹಬ್ಬದ ದಿನಾನೂ ಡ್ಯೂಟಿ ಇರತ್ತೆ, ದಸರಾ ಟೈಮಲ್ಲಂತೂ ಮೈಸೂರಲ್ಲಿ ರಜೆ ಕೇಳ್ಲೇಬೇಡಿ, ಮೊದ್ಲು ಸಂಬಳ ಕಮ್ಮೀನೇ. ಸರ್ಕಾರಿ ಆಸ್ಪತ್ರೇಲಿ ಅಡ್ಮಿನಿಸ್ಟ್ರೇಟರ್ ಆಗ್ಬಹುದು ಅಂತ ಯಾರಾದ್ರೂ ಏಜೆಂಟ್ ಹೇಳಿದ್ರೆ ಕೇಳ್ಕೊಂಡು ಸುಮ್ನೆ ಬನ್ನಿ, ಅಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್ ಆಗೋದು ಡಾಕ್ಟ್ರೇ. ಮೇಲೆ ಹೋಗ್ಬೇಕು ಅಂದ್ರೆ ಒಂದೆರಡು ವರ್ಷ ಕೆಲ್ಸ ಮಾಡಿ ಆಮೇಲೆ ಮಾಸ್ಟರ್ಸ್ ಮಾಡಿ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಎಂಎಚ್‌ಎ ಇದೆ, ಮುಂಬೈನ ಟಿಸ್ ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್, ಜೈಪುರ ಮತ್ತೆ ಬೆಂಗಳೂರಿನ ಐಐಎಚ್‌ಎಂಆರ್ ಕೂಡ ಇವೆ. ಕೆಲ್ಸ ಮಾಡಿ ಹೋದೋರಿಗೆ ಅಲ್ಲಿ ಕ್ಲಾಸಲ್ಲಿ ಹೇಳೋದು ತಲೆಗೆ ಹತ್ತತ್ತೆ.

ಮೊದಲ್ನೇ ಇಂಟರ್‌ವ್ಯೂಗೆ ಹೋಗೋವಾಗ ಪೋಸ್ಟಿಂಗಲ್ಲಿ ಬರ್ಕೊಂಡ ಆ ನೋಟ್‌ಬುಕ್ ಬ್ಯಾಗಲ್ಲಿ ಇಟ್ಕೊಂಡು ಹೋಗಿ. ನಿಮ್ಮ ಬಗ್ಗೆ ಹೇಳಿ ಅಂದಾಗ ಊರು, ಅಪ್ಪ ಅಮ್ಮನ ಹೆಸ್ರಿಗೆ ನಿಲ್ಲಿಸ್ಬೇಡಿ, ಇಂಥ ಡಿಪಾರ್ಟ್‌ಮೆಂಟಲ್ಲಿ ಇಷ್ಟು ಫೈಲ್ ನೋಡ್ದೆ, ಇಲ್ಲಿ ತಡ ಆಗ್ತಿತ್ತು, ಕಾರಣ ಇದು ಅಂತ ಹೇಳಿ. ಆಸ್ಪತ್ರೆ ಹೆಸ್ರು ಹೇಳ್ಬೇಡಿ, ಪೇಷೆಂಟ್ ವಿವರ ಹೇಳ್ಬೇಡಿ. ಶಿಫ್ಟ್ ಟೈಮಿಂಗ್ ಏನು, ರಾತ್ರಿ ಡ್ಯೂಟಿ ಮುಗಿದ್ರೆ ಹುಡುಗೀರಿಗೆ ಗಾಡಿ ವ್ಯವಸ್ಥೆ ಇದ್ಯಾ, ಪಿಎಫ್ ಇಎಸ್‌ಐ ಇದ್ಯಾ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೋತಾರಾ ಅಂತ ಸಂಕೋಚ ಇಲ್ದೆ ಕೇಳಿ, ಒರಿಜಿನಲ್ ಮಾತ್ರ ಯಾರ ಕೈಗೂ ಕೊಡ್ಬೇಡಿ, ಜೆರಾಕ್ಸ್ ಸಾಕು.